ಕಂಪನಿ ಕೈಬಿಟ್ಟರೂ ಬಿಡದ ಹರಟೆ

ಪಾಮ್ ಕೈಗಣಕಕ್ಕೆ ದನಿ ಬಂದದ್ದೂ ಅದಕ್ಕೆ ಇಳಿಗಾಲ ಹತ್ತಿದ್ದೂ ಹೆಚ್ಚುಕಡಿಮೆ ಒಟ್ಟೊಟ್ಟಿಗೆ. 1996ರಲ್ಲಿ ಬಂದ ಮೊದಲ ಪೈಲಟ್‌ಗೆ ಬೀಪ್ ಅನ್ನುವುದೊಂದು ಬಿಟ್ಟು ಬೇರೆ ಸದ್ದು ಗೊತ್ತಿರಲಿಲ್ಲ. ಸೋನಿಯವರು ಮಾಡಿದ ಕೆಲವು ಮಾದರಿಗಳನ್ನು ಬಿಟ್ಟರೆ, ಹಾಡನ್ನೂ ಮಾತನ್ನೂ ನೆಟ್ಟಗೆ ಕೇಳಿಸಬಲ್ಲ ಪ್ರೊಸೆಸರ್ ಪಾಮ್ ಒಳಗೆ ಬಂದು ಕೂತದ್ದು 2002ರಲ್ಲಿ. ಪಾಡ್‌ಕಾಸ್ಟ್ ಹುಟ್ಟಿ ಹೆಸರು ಪಡೆದದ್ದು 2004ರಲ್ಲಿ. 2005ರ ಸೆಪ್ಟೆಂಬರಿನಲ್ಲಿ ಪಾಮ್ ಕಂಪನಿ, ಇನ್ನು ಮೈಕ್ರೋಸಾಫ್ಟಿನ ವಿಂಡೋಸ್ ಹಾಕಿದ ಫೋನನ್ನೂ ತರುತ್ತೇವೆ ಎಂದು ಸಾರಿತು. ಪಾಮ್ ಭಕ್ತರು ತಾವೇ ಮಾಡಿದ ಕಾರ್ಯಕ್ರಮವನ್ನು ಪಾಮ್‌ನಲ್ಲೇ ಕೇಳುವ ಕಾಲ ಬಂದು ವರ್ಷವಾಗುತ್ತಿದ್ದಂತೆ ಕಂಪನಿ ಇನ್ನೊಬ್ಬರ ಬಾಗಿಲು ತಟ್ಟಿತ್ತು.

ಆ ಕಾರ್ಯಕ್ರಮಗಳನ್ನು ತಪ್ಪದೆ ಕೇಳುತ್ತಿದ್ದವರಲ್ಲಿ ನಾನೂ ಒಬ್ಬಳು. ಸಾಗರ ಸೀಮೆಯವಳು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆಂದು ಹೋಗಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಕೆಲವು ವರ್ಷ ಇದ್ದೆ. ಆಫೀಸು ಸ್ಯಾನ್ ಮಟೆಯೊದಲ್ಲಿ. ಬೆಳಿಗ್ಗೆ ಸಂಜೆ ಕ್ಯಾಲ್‌ಟ್ರೇನ್ ರೈಲು, ಕಿವಿಗೆ ಇಯರ್‌ಫೋನು, ಒಳಗೆ ಪಾಮ್ ಬಗ್ಗೆ ಯಾರೋ ಮೂವರ ಹರಟೆ. ಆ ಹೊತ್ತಿಗೆ ಪಾಮ್ ಕಂಪನಿಯ ಕಚೇರಿಯೂ ಸನಿವೇಲ್‌ನಲ್ಲೇ ಇತ್ತು. ನನ್ನ ಮನೆಯ ಹತ್ತಿರದ ಕಟ್ಟಡದೊಳಗೆ ಏನು ನಡೆಯುತ್ತಿದೆ ಎನ್ನುವುದು ನನಗೆ ತಿಳಿಯುತ್ತಿದ್ದದ್ದು ದೂರದ ಯಾವುದೋ ಊರಿನಲ್ಲಿ ಕೂತು ಊಹೆ ಮಾಡುವವರಿಂದ!

ಪಾಮ್ ಅಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಅಂಗಿ ಜೇಬಿನಲ್ಲಿ ಹಿಡಿಸುವ, ಹಸಿರು ಬೆರೆತ ಬೂದು ಪರದೆಯ ಪುಟ್ಟ ಕಂಪ್ಯೂಟರ್. ದಿನಚರಿ, ವಿಳಾಸ, ಮಾಡಬೇಕಾದ ಕೆಲಸ, ಚುಟುಕು ಟಿಪ್ಪಣಿ, ಈ ನಾಲ್ಕಕ್ಕೆ ನಾಲ್ಕು ಗುಂಡಿ. ಒತ್ತಿದ ಕೂಡಲೇ ಪುಟ ತೆರೆಯಬೇಕು, ಕಾಯಿಸಬಾರದು. ಇದನ್ನು ರೂಪಿಸಿದ ಜೆಫ್ ಹಾಕಿನ್ಸ್ ಯಂತ್ರ ಮಾಡುವುದಕ್ಕೆ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಆ ಮರದ ತುಂಡು ತೆಗೆದು, ಕಡ್ಡಿಯಿಂದ ಅದರ ಮೇಲೆ ಬರೆದಂತೆ ಮಾಡಿ, ಹೀಗೊಂದು ವಸ್ತು ನಿಜಕ್ಕೂ ಬೇಕೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರಂತೆ. ಪೈಲಟ್ 1000 ಬಂದಾಗ ಅದರ ಬೆಲೆ 299 ಡಾಲರ್. ನೆನಪಿನ ಜಾಗ 128 ಕಿಲೋಬೈಟ್, ಅಂದರೆ ಇವತ್ತು ನೀವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಎರಡು ತೆಳ್ಳನೆ ಬ್ಯಾಟರಿ ಸೆಲ್ ಹಾಕಿದರೆ ವಾರಗಟ್ಟಲೆ ನಡೆಯುತ್ತಿತ್ತು.

ನನ್ನ ಕೈಗೆ ಮೊದಲು ಬಂದದ್ದು ಫ್ರೀಮಾಂಟ್‌ನಲ್ಲಿದ್ದ ಭಾವ ಉಪಯೋಗಿಸಿ ಬಿಟ್ಟ ಪಾಮ್ 3 ಎಕ್ಸ್‌ಇ. ಅದರಲ್ಲಿ ಬರೆಯಲು ಗ್ರಫೀಟಿ ಎಂಬ ಲಿಪಿ ಕಲಿಯಬೇಕಿತ್ತು. ಎಲ್ಲ ಅಕ್ಷರವೂ ಕಡ್ಡಿ ಎತ್ತದೆ ಒಂದೇ ಗೀಟಿನಲ್ಲಿ. ಇಂಗ್ಲಿಷಿನ 'ಎ' ಬೇಕೆಂದರೆ ನಡುವಿನ ಅಡ್ಡಗೆರೆ ಇಲ್ಲದೆ ತಲೆಕೆಳಗಾದ 'ವಿ'. 'ಟಿ' ಬೇಕೆಂದರೆ ಬಲಕ್ಕೆ ಎಳೆದು ಹಾಗೇ ಕೆಳಗಿಳಿಸಬೇಕು. ಪರದೆಯ ಕೆಳಗಿನ ಚೌಕದ ಎಡಭಾಗದಲ್ಲಿ ಅಕ್ಷರ, ಬಲಭಾಗದಲ್ಲಿ ಅಂಕಿ. ಬಲದಿಂದ ಎಡಕ್ಕೆ ಗೀಟೆಳೆದರೆ ಬರೆದದ್ದು ಅಳಿಯುತ್ತದೆ. ನನ್ನ 'ಕೆ' ಅಕ್ಷರವನ್ನು ಅದು ಒಪ್ಪದೆ ಸತಾಯಿಸುತ್ತಿದ್ದುದನ್ನು ನೋಡಿ ಭಾವ, "ನೋಡಮ್ಮ, ಮೊದಲು ನೀನು ಅದಕ್ಕೆ ಬಗ್ಗು, ಆಮೇಲೆ ಅದು ನಿನಗೆ ಬಗ್ಗುತ್ತೆ" ಅಂದಿದ್ದರು. ವಾರದೊಳಗೆ ಬಗ್ಗಿತು. ಕನ್ನಡ ಮಾತ್ರ ಅದಕ್ಕೆ ಬರುತ್ತಿರಲಿಲ್ಲ. ಕೊತ್ತಂಬರಿ ಸೊಪ್ಪು ತರಬೇಕು, ಅಕ್ಕನಿಗೆ ಫೋನು ಮಾಡಬೇಕು ಎಂಬುದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಅರೆಬರೆ ಗೀಟಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಆಮೇಲೆ ಕೊಂಡದ್ದು ಟ್ರಿಯೊ 650. ಅದು ಫೋನೂ ಹೌದು, ಪಾಮ್ ಕೂಡ ಹೌದು. ಇಲ್ಲಿಂದ ಪಾಡ್‌ಕಾಸ್ಟಿನ ಕಥೆ.

ಈಗ ಮೊಬೈಲಿನಲ್ಲಿ ಬೆರಳಿಟ್ಟರೆ ಮಾತು ಹರಿದು ಬರುತ್ತದೆ. ಆಗ ಹಾಗಿರಲಿಲ್ಲ. ಪಾಡ್‌ಕಾಸ್ಟ್ ಎಂದರೆ ಮೂಲದಲ್ಲಿ ಎರಡೇ ವಸ್ತು: ಒಂದು ಎಂಪಿ3 ಕಡತ, ಅದು ಎಲ್ಲಿದೆ ಎಂದು ಹೇಳುವ ಒಂದು ಪಟ್ಟಿ. ಆರ್‌ಎಸ್‌ಎಸ್ ಎಂಬ ಆ ಪಟ್ಟಿಯಲ್ಲಿ ಧ್ವನಿಯ ಕಡತವನ್ನೂ ಲಗತ್ತಿಸುವ ಏರ್ಪಾಡು ಮಾಡಿದವರು ಡೇವ್ ವೈನರ್. ಅದನ್ನು ಹಿಡಿದು, ಹೊಸ ಕಂತು ತಾನಾಗಿ ಕಂಪ್ಯೂಟರಿಗೆ ಬಂದು ಬೀಳುವಂತೆ ಮಾಡಿ, ದಿನವೂ ಮಾತಾಡಿ ಜನಕ್ಕೆ ಹುಚ್ಚು ಹಿಡಿಸಿದವರು ಆಡಂ ಕರಿ. 2005ರ ಜೂನ್‌ನಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನೊಳಗೆ ಪಾಡ್‌ಕಾಸ್ಟ್‌ಗಳನ್ನು ಸೇರಿಸಿಕೊಂಡ ಮೇಲೆ ಅದು ಸಂತೆಯಾಯಿತು. ಆದರೆ ಐಟ್ಯೂನ್ಸ್ ಕೊಡುತ್ತಿದ್ದದ್ದು ಐಪಾಡ್‌ಗೆ. ಪಾಮ್‌ನವರ ದಾರಿ ಪಾಮ್‌ನವರೇ ನೋಡಿಕೊಳ್ಳಬೇಕು.

ದಾರಿ ಹೀಗಿತ್ತು. ರಾತ್ರಿ ಕಂಪ್ಯೂಟರ್ ಹಚ್ಚಿಟ್ಟು ಮಲಗಿದರೆ ಹೊಸ ಕಂತು ಇಳಿದಿರುತ್ತದೆ. ಅದನ್ನು ಪಾಮ್ ಮತ್ತು ಕಂಪ್ಯೂಟರನ್ನು ಜೋಡಿಸುವ ಹಾಟ್‌ಸಿಂಕ್ ಮೂಲಕ ಕಳಿಸಬಹುದು, ಆದರೆ ಅದು ತೆವಳುತ್ತಿತ್ತು. ಅನುಭವಸ್ಥರು ಟ್ರಿಯೊದ ನೆತ್ತಿಯಿಂದ ಎಸ್‌ಡಿ ಕಾರ್ಡು ಕಿತ್ತು, ಕಾರ್ಡ್ ರೀಡರಿಗೆ ಹಾಕಿ, ಕಡತ ಸುರಿದು, ಮತ್ತೆ ಸಿಕ್ಕಿಸುತ್ತಿದ್ದರು. ಟ್ರಿಯೊದೊಳಗೆ ನಮ್ಮ ಪಾಲಿಗೆ ಸಿಗುತ್ತಿದ್ದ ಜಾಗ ಸುಮಾರು 22 ಎಂಬಿ. 64 ಕೆಬಿಪಿಎಸ್‌ನಲ್ಲಿ ಮುದ್ರಿಸಿದ ಅರ್ಧ ಗಂಟೆಯ ಮಾತು 14 ಎಂಬಿ ತಿನ್ನುತ್ತದೆ. ಹಾಗಾಗಿ ಕಾರ್ಡಿಲ್ಲದೆ ಗತಿ ಇಲ್ಲ. ನುಡಿಸಲು ನಾರ್ಮ್‌ಸಾಫ್ಟ್‌ನವರ ಪಾಕೆಟ್ ಟ್ಯೂನ್ಸ್. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಪಾಮ್ ಒಎಸ್‌ಗೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿ ಅಭ್ಯಾಸ. ಆದರೆ ಪಾಕೆಟ್ ಟ್ಯೂನ್ಸ್ ಹಿಂದೆ ಮಾತಾಡುತ್ತಲೇ ಇರುತ್ತಿತ್ತು, ಮುಂದೆ ನಾವು ದಿನಚರಿ ತೆರೆದು ನೋಡಬಹುದಿತ್ತು. ಅದೇ ಒಂದು ಪವಾಡದಂತೆ ಅನಿಸುತ್ತಿತ್ತು. ಕೊನೆಯ ತೊಡಕು ಇಯರ್‌ಫೋನಿನದು. ಟ್ರಿಯೊದ ತೂತು 2.5 ಮಿಲಿಮೀಟರ್, ಅಂಗಡಿಯ ಇಯರ್‌ಫೋನಿನ ತುದಿ 3.5. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಬೇಕು. ಅದು ಜೇಬಿನಿಂದ ಮೊಳಕೆಯಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ರೈಲಿನಲ್ಲಿ ಯಾರ ಜೇಬಿನಿಂದಾದರೂ ಅದು ಇಣುಕಿದರೆ ನಮ್ಮವರು ಎಂದು ಗುರುತು.

ಇಷ್ಟೆಲ್ಲ ಪಾಡು ಪಟ್ಟು ಕೇಳುತ್ತಿದ್ದದ್ದೇನು? ಸ್ಕೈಪ್‌ನಲ್ಲಿ ಕೂಡಿಕೊಂಡ ಇಬ್ಬರೋ ಮೂವರೋ ಗಂಡಸರ ಮಾತು. ಒಬ್ಬರ ದನಿ ಬಾವಿಯೊಳಗಿಂದ ಬಂದಂತೆ, ಇನ್ನೊಬ್ಬರ ಮನೆಯಲ್ಲಿ ನಾಯಿ. ಯಾರೂ ರೇಡಿಯೋದವರಲ್ಲ, ಹಗಲು ಬೇರೆ ಉದ್ಯೋಗ ಮಾಡಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಮೈಕ್ ಮುಂದೆ ಕೂರುವವರು. ಮೊದಲು ಸುದ್ದಿ, ಆಮೇಲೆ ವದಂತಿ, ಆಮೇಲೆ ಒಂದು ಪ್ರೋಗ್ರಾಂ ಬಗ್ಗೆ ವಿಮರ್ಶೆ, ಕೊನೆಗೆ ಕೇಳುಗರ ಪತ್ರ. ನಮ್ಮ ಕಡೆಯ ತಾಳಮದ್ದಲೆ ನೆನಪಾಗುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥ. ಕಥೆ ಎಲ್ಲರಿಗೂ ಗೊತ್ತು, ಕರ್ಣ ಸಾಯುತ್ತಾನೆ ಎಂದೂ ಗೊತ್ತು. ಆದರೂ ಕರ್ಣನ ಅರ್ಥ ಹೇಳುವವರು ಸೋಲೊಪ್ಪದೆ ವಾದ ಹೂಡುತ್ತಾರೆ. ಒಮ್ಮೆ ಫೋನಿನಲ್ಲಿ ಅಮ್ಮ, "ಅದೇನೇ ಅದು, ದಿನಾ ಕಿವಿಗೆ ಸಿಕ್ಕಿಸ್ಕೊಂಡು ಕೇಳೋದು? ಹಾಡಾ?" ಎಂದು ಕೇಳಿದರು. "ಅಲ್ಲಮ್ಮ, ಮಾತು" ಅಂದೆ. "ಯಾತರ ಮಾತು?" "ಇದೇ ಯಂತ್ರದ ಮಾತು." ಅಮ್ಮ ಮಳೆಯ ವಿಚಾರಕ್ಕೆ ಹೋದರು.

ವಾದಕ್ಕೆ ವಿಷಯ ಬೇಕಾದಷ್ಟಿತ್ತು. 2003ರಲ್ಲಿ ಕಂಪನಿ ಎರಡಾಗಿ ಒಡೆದು, ಯಂತ್ರ ಮಾಡುವವರು ಒಂದು ಕಡೆ, ಪಾಮ್ ಒಎಸ್ ಮಾಡುವ ಪಾಮ್‌ಸೋರ್ಸ್ ಇನ್ನೊಂದು ಕಡೆ ಆಗಿದ್ದರು. ಪಾಮ್‌ಸೋರ್ಸ್ ಕೋಬಾಲ್ಟ್ ಎಂಬ ಹೊಸ ಆವೃತ್ತಿ ಸಿದ್ಧಪಡಿಸಿತು. ಹಲವು ಕೆಲಸ ಒಟ್ಟಿಗೆ ಮಾಡಬಲ್ಲ, ಹಳೆಯ ಮಿತಿಗಳನ್ನೆಲ್ಲ ದಾಟಿದ ಪಾಮ್ ಎಂದು ಹೇಳಿದರು. ಅದನ್ನು ಹಾಕಿದ ಒಂದೇ ಒಂದು ಯಂತ್ರವೂ ಮಾರುಕಟ್ಟೆಗೆ ಬರಲಿಲ್ಲ. ಆದರೆ ನಮ್ಮ ಕಾರ್ಯಕ್ರಮದಲ್ಲಿ ಕಂತು ಕಂತಿಗೂ ಕೋಬಾಲ್ಟ್ ಬರುತ್ತಲೇ ಇತ್ತು. ಬೇಸಿಗೆಗೆ ಬರುತ್ತದೆ, ಕ್ರಿಸ್‌ಮಸ್‌ಗೆ ಖಂಡಿತ ಎಂದು ನಿರೂಪಕರಲ್ಲೊಬ್ಬರು ಪಂಥವನ್ನೇ ಕಟ್ಟಿದ್ದರು. 2005ರಲ್ಲಿ ಜಪಾನಿನ ಆಕ್ಸೆಸ್ ಕಂಪನಿ 324 ಮಿಲಿಯನ್ ಡಾಲರ್ ಕೊಟ್ಟು ಪಾಮ್‌ಸೋರ್ಸನ್ನು ಕೊಂಡುಕೊಂಡ ಮೇಲೂ ಆ ಪಂಥ ವಾಪಸಾಗಲಿಲ್ಲ.

2006ರ ನವೆಂಬರಿನಲ್ಲಿ ಪಾಮ್‌ನ ಮುಖ್ಯಸ್ಥ ಎಡ್ ಕಾಲಿಗನ್, ಫೋನು ಮಾಡುವ ವಿದ್ಯೆಯನ್ನು ನಾವು ವರ್ಷಗಟ್ಟಲೆ ಒದ್ದಾಡಿ ಕಲಿತಿದ್ದೇವೆ, ಕಂಪ್ಯೂಟರಿನವರು ಸೀದಾ ಒಳಗೆ ನಡೆದುಬಂದು ಮಾಡಿಬಿಡಲಾರರು ಎಂಬರ್ಥದ ಮಾತಾಡಿದರು. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನು ತೋರಿಸಿದರು. ಆ ವಾರದ ಕಂತನ್ನು ನಾನು ಮರೆಯಲಾರೆ. ಮೂವರೂ ಪಟ್ಟಿ ಮಾಡಿದ್ದೇ ಮಾಡಿದ್ದು: ಕೀಲಿಮಣೆ ಇಲ್ಲ, ಬ್ಯಾಟರಿ ಬಿಚ್ಚಲಾಗದು, ಕಾರ್ಡಿಗೆ ಜಾಗ ಇಲ್ಲ, ಬೇರೆಯವರ ಪ್ರೋಗ್ರಾಂ ಹಾಕಲಾಗದು. ಒಂದೂ ಸುಳ್ಳಲ್ಲ. ಆಮೇಲೆ ಒಬ್ಬರು ಮೆಲ್ಲಗೆ, ನನ್ನ ಹೆಂಡತಿಗೆ ಅದು ಬೇಕಂತೆ ಅಂದರು. ಉಳಿದಿಬ್ಬರು ಪಕ್ಕನೆ ನಕ್ಕರು. ಅದೇ ವರ್ಷ ಮೇ ತಿಂಗಳಲ್ಲಿ ಹಾಕಿನ್ಸ್ ಫೋಲಿಯೊ ಎಂಬ ಪುಟ್ಟ ಲ್ಯಾಪ್‌ಟಾಪಿನಂಥ ವಸ್ತು ತೋರಿಸಿದರು, ಸೆಪ್ಟೆಂಬರಿನಲ್ಲಿ ಕಂಪನಿ ಅದನ್ನು ಅಂಗಡಿಗೆ ಬರುವ ಮೊದಲೇ ಕೈಬಿಟ್ಟಿತು. ಅದನ್ನೂ ಸಮರ್ಥಿಸಿ ಒಂದು ಕಂತು ಬಂದಿತ್ತು, ಪಾಪ.

ಊಹೆ, ವದಂತಿಗಳನ್ನು ತಮಾಷೆಗೆ ಕೇಳುತ್ತಿದ್ದೆ. ನನಗೆ ನಿಜವಾಗಿ ದಕ್ಕಿದ್ದು ಬೇರೆ. ಮುಳುಗುತ್ತಿರುವ ಯಂತ್ರವನ್ನು ನಡೆಸಿಕೊಂಡು ಹೋಗುವುದಕ್ಕೆ ಕಂಪನಿಯ ಕೈಪಿಡಿ ಸಾಲದು. ಬಳಸಿ ಬಳಸಿ ಕೈ ಪಳಗಿದವರ ಬಾಯಿಮಾತು ಬೇಕು. ಒಂದು ಸಲ ಯಾವುದೋ ಪುಟ್ಟ ಪ್ರೋಗ್ರಾಂ ಹಾಕಿದ ಮೇಲೆ ನನ್ನ ಟ್ರಿಯೊ ತಾನಾಗಿ ಆರಿ, ತಾನಾಗಿ ಹೊತ್ತಿ, ಮತ್ತೆ ಆರಿ, ಇದನ್ನೇ ಮಾಡುತ್ತ ಕೂತಿತು. ಪ್ರೋಗ್ರಾಂ ತೆಗೆಯೋಣವೆಂದರೆ ಪರದೆ ನಿಂತರೆ ತಾನೆ? ಹಿಂದೊಂದು ಕಂತಿನಲ್ಲಿ ಕೇಳಿದ ಉಪಾಯ ನೆನಪಿತ್ತು: ಬ್ಯಾಟರಿ ಮುಚ್ಚಳ ತೆಗೆದು, ಮೇಲ್ಮುಖದ ಗುಂಡಿ ಒತ್ತಿ ಹಿಡಿದುಕೊಂಡು ರೀಸೆಟ್ ಒತ್ತಬೇಕು. ಆಗ ಯಂತ್ರ ಏಳುವಾಗ ಬೇರೆ ಪ್ರೋಗ್ರಾಂಗಳನ್ನು ಎಬ್ಬಿಸುವುದಿಲ್ಲ. ಆ ಸಂದಿನಲ್ಲಿ ಪುಂಡನನ್ನು ಹುಡುಕಿ ಅಳಿಸಿಬಿಡಬೇಕು. ಇದಕ್ಕೆ ಬೆಚ್ಚನೆ ರೀಸೆಟ್ ಎಂದು ಹೆಸರು. ಕೇಳಿದಾಗ ನನಗಿದೇಕೆ ಎಂದುಕೊಂಡ ಮಾತು ಬೇಕಾದ ಹೊತ್ತಿಗೆ ಕೈಹಿಡಿಯಿತು.

ಪ್ರೋಗ್ರಾಂ ಬರೆದವರನ್ನೂ ಕರೆದು ಮಾತಾಡಿಸುತ್ತಿದ್ದರು. ಪಾಮ್ ಲೋಕದಲ್ಲಿ ಒಬ್ಬರೇ ಕೂತು ನಡೆಸುವ ಕಂಪನಿಗಳು ಹೇರಳ. ಪಿಮ್ಲಿಕೊ ಸಾಫ್ಟ್‌ವೇರ್‌ನ ಡೇಟ್‌ಬುಕ್ ಎಂಬ ದಿನಚರಿಯ ಪ್ರೋಗ್ರಾಂ ಬರೆದ ಸ್ಟುವರ್ಟ್ ಡ್ಯೂಯರ್ ಅದರಿಂದ ಬಂದ ಹಣವನ್ನು ಗೊರಿಲ್ಲಾಗಳ ಪಾಲನೆಗೆ ಕೊಡುತ್ತಿದ್ದರು. ನನ್ನ ಪುಟ್ಟ ಪರದೆಯಲ್ಲಿ ದಂತವೈದ್ಯರ ಅಪಾಯಿಂಟ್‌ಮೆಂಟು ನೆನಪಿಸುತ್ತಿದ್ದ ಪ್ರೋಗ್ರಾಂ ಎಲ್ಲೋ ಗೊರಿಲ್ಲಾಗಳ ಹೊಟ್ಟೆಗೆ ಹಾಕುತ್ತಿತ್ತು. ಇಂಥ ಸಂಗತಿ ಮಾರಾಟದ ಅಂಕಿಅಂಶದಲ್ಲಿ ಕಾಣುವುದಿಲ್ಲ. ಅಂಕಿಅಂಶ ಹೇಳಬೇಕೆಂದರೆ 2000ದ ಮಾರ್ಚಿನಲ್ಲಿ ಪಾಮ್ ಷೇರು ಮಾರುಕಟ್ಟೆಗೆ ಬಂದ ದಿನ 38 ಡಾಲರಿನ ಷೇರು 165ರವರೆಗೆ ಏರಿತ್ತು, ತನ್ನ ತಾಯಿ ಕಂಪನಿ ತ್ರೀಕಾಮ್‌ಗಿಂತ ಮಗಳ ಬೆಲೆಯೇ ಹೆಚ್ಚಾಗಿತ್ತು. ಮುಂದಿನದು ಇಳಿಜಾರು. 2009ರಲ್ಲಿ ಪಾಮ್ ಒಎಸ್ ಬಿಟ್ಟು ವೆಬ್‌ಒಎಸ್ ಹಾಕಿದ ಪ್ರೀ ಎಂಬ ಫೋನು ತಂದರು, 2010ರಲ್ಲಿ ಎಚ್‌ಪಿ 1.2 ಬಿಲಿಯನ್ ಡಾಲರಿಗೆ ಇಡೀ ಕಂಪನಿಯನ್ನು ಕೊಂಡಿತು, 2011ರಲ್ಲಿ ಅದು ತಂದ ಟಚ್‌ಪ್ಯಾಡನ್ನು 49 ದಿನಕ್ಕೇ ನಿಲ್ಲಿಸಿತು. ವೆಬ್‌ಒಎಸ್ ಈಗ ಎಲ್‌ಜಿ ಟೀವಿಗಳಲ್ಲಿದೆ.

ಪಾಡ್‌ಕಾಸ್ಟ್‌ಗಳು ಹೀಗೆ ದಿನ ಗೊತ್ತುಮಾಡಿ ನಿಲ್ಲಲಿಲ್ಲ. ವಾರದ ಕಂತು ಹದಿನೈದು ದಿನಕ್ಕೆ ಹೋಯಿತು, ಆಮೇಲೆ ತಿಂಗಳಿಗೆ. ಪ್ರತಿ ಸಲ ಶುರುವಿನಲ್ಲಿ ತಡವಾಯಿತು, ಕ್ಷಮಿಸಿ. ಒಬ್ಬರು ಐಫೋನು ಕೊಂಡು ಸಂಕೋಚದಿಂದ ಬಿಟ್ಟರು. ಕೊನೆಯ ಕಂತಿನಲ್ಲಿ ಮುಂದಿನ ವಾರ ಸಿಗೋಣ ಎಂದೇ ಹೇಳಿದ್ದರು.

ಇಲ್ಲಿ ನನಗೆ ಕಾಡುವ ಒಂದು ವಿಚಿತ್ರವಿದೆ. ಪಾಮ್‌ನ ಪ್ರೋಗ್ರಾಂಗಳು ಬದುಕಿಕೊಂಡವು. 2022ರಲ್ಲಿ ಇಂಟರ್ನೆಟ್ ಆರ್ಕೈವ್ ಐನೂರಕ್ಕೂ ಹೆಚ್ಚು ಪಾಮ್ ಪ್ರೋಗ್ರಾಂಗಳನ್ನು ಬ್ರೌಸರಿನಲ್ಲೇ ಓಡುವಂತೆ ಇಟ್ಟಿತು. ಒಳಗೆ ಕೆಲಸ ಮಾಡುವುದು ಕ್ಲೌಡ್‌ಪೈಲಟ್ ಎಂಬ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆ ವರ್ತಿಸುವ ಹೊಸ ಪ್ರೋಗ್ರಾಂ. ಇಪ್ಪತ್ತು ವರ್ಷದ ಹಿಂದಿನ ಆಟ ಈಗ ನನ್ನ ಮೊಬೈಲಿನಲ್ಲಿ ಓಡುತ್ತದೆ. ಡಿಮಿಟ್ರಿ ಗ್ರಿನ್‌ಬರ್ಗ್ ಎಂಬ ಎಂಜಿನಿಯರ್ ರೀಪಾಮ್ ಎಂಬ ಹೆಸರಿನಲ್ಲಿ ಪಾಮ್ ಒಎಸ್ ಅನ್ನೇ ಅದು ಎಂದೂ ಕಾಣದ ಹಾರ್ಡ್‌ವೇರ್ ಮೇಲೆ ಎಬ್ಬಿಸಿದ್ದಾರೆ. ಇದಕ್ಕೆ ಹೋಲಿಸಿದರೆ ಮಾತನ್ನು ಉಳಿಸುವುದು ಸುಲಭವಾಗಬೇಕಿತ್ತು. ಎಂಪಿ3ಗೆ ಎಮ್ಯುಲೇಟರ್ ಬೇಡ, ಇವತ್ತಿಗೂ ಯಾವ ಫೋನಾದರೂ ನುಡಿಸುತ್ತದೆ. ಆದರೆ ಹುಡುಕಿದರೆ ಆ ಹರಟೆಗಳಲ್ಲಿ ಬಹುಪಾಲು ನನಗೆ ಸಿಗುತ್ತಿಲ್ಲ.

ಕಾರಣ ಗಾತ್ರ ಮತ್ತು ಬಾಡಿಗೆ. ಪಾಮ್ ಪ್ರೋಗ್ರಾಂ ಎಂದರೆ ಕೆಲವು ಹತ್ತು ಕಿಲೋಬೈಟು. ಸಾವಿರ ಜನ ತಮ್ಮ ತಮ್ಮ ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಎಸೆದಿಟ್ಟಿದ್ದರು. ಒಂದು ಕಂತು ಎಂದರೆ 14 ಎಂಬಿ. ಕೇಳಿ ಮುಗಿಸಿದ ಕೂಡಲೇ ಕಾರ್ಡಿನಿಂದ ಅಳಿಸಿ ಮುಂದಿನದಕ್ಕೆ ಜಾಗ ಮಾಡುವುದೇ ಪದ್ಧತಿ. ಮೂಲ ಪ್ರತಿ ಇದ್ದದ್ದು ನಿರೂಪಕರು ತಿಂಗಳಿಗಿಷ್ಟು ಎಂದು ಬಾಡಿಗೆ ಕಟ್ಟುತ್ತಿದ್ದ ಸರ್ವರಿನಲ್ಲಿ. ಕ್ರೆಡಿಟ್ ಕಾರ್ಡಿನ ಅವಧಿ ಮುಗಿಯಿತು, ಆಸಕ್ತಿ ಹೋಗಿತ್ತು, ಬಾಡಿಗೆ ನಿಂತಿತು, ಕಡತ ಹೋಯಿತು. ಪಟ್ಟಿ ಅಲ್ಲಲ್ಲಿ ಉಳಿದಿದೆ: ಕಂತಿನ ಹೆಸರು, ತಾರೀಖು, ನಿಮಿಷ ಎಲ್ಲ ಇದೆ. ಒತ್ತಿದರೆ ಅಲ್ಲಿ ಏನೂ ಇಲ್ಲ.

ಮಾತಿನ ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರಿನದೇ ಸಿಂಪ್ಯೂಟರ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎನ್‌ಕೋರ್ ಸಾಫ್ಟ್‌ವೇರ್‌ನವರ ಜೊತೆ ಸೇರಿ ರೂಪಿಸಿದ ಲಿನಕ್ಸ್ ಕೈಗಣಕ ಅದು. ಹಳ್ಳಿಯವರಿಗೂ ಎಟುಕಬೇಕು, ಓದು ಬಾರದವರಿಗೂ ಮಾತಾಡಿ ತಿಳಿಸಬೇಕು ಎಂಬ ಹಂಬಲದ್ದು. 2004ರಲ್ಲಿ ಬಿಇಎಲ್ ಮಾಡಿಕೊಟ್ಟ ಅಮಿಡಾ ಸಿಂಪ್ಯೂಟರಿಗೆ ಅಲುಗಾಟ ಗ್ರಹಿಸುವ ಸಾಧನವೂ ಇತ್ತು. ಕೈಯಲ್ಲಿ ವಾಲಿಸಿದರೆ ತಿಳಿಯುತ್ತಿತ್ತು. ಐಫೋನು ಬರಲು ಇನ್ನೂ ಮೂರು ವರ್ಷವಿತ್ತು. ಅಂದುಕೊಂಡಷ್ಟು ಮಾರಾಟವಾಗದೆ ಅದು ಹಿಂದೆ ಸರಿಯಿತು. ಅದರ ಬಗ್ಗೆ ಪತ್ರಿಕೆಗಳು ಬರೆದವು, ಬಹುಮಾನ ಬಂತು. ಆದರೆ ಅದನ್ನು ದಿನವೂ ಬಳಸಿದವರು ಕೂತು ಬಯ್ದದ್ದು, ಹೊಗಳಿದ್ದು, ಹೀಗೆ ಮಾಡಿದರೆ ಸರಿಹೋಗುತ್ತದೆ ನೋಡಿ ಎಂದು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೆ ಎಲ್ಲೂ ಬಿದ್ದಿಲ್ಲ. ಅದು ಕೈಯಲ್ಲಿ ಹೇಗಿತ್ತು ಎಂದು ನನಗೆ ಯಾರಾದರೂ ಹೇಳಬೇಕು.

ಈಗ ಮೈಸೂರಿನಲ್ಲಿದ್ದೇನೆ. ಹೋದ ವರ್ಷ ಡ್ರಾಯರ್ ಚೊಕ್ಕ ಮಾಡುವಾಗ ಹಳೆಯ ಎಸ್‌ಡಿ ಕಾರ್ಡು ಸಿಕ್ಕಿತು. ಅಳಿಸಲು ಸೋಮಾರಿತನ ಮಾಡಿದ್ದರಿಂದ ಉಳಿದುಕೊಂಡ ಕೆಲವು ಕಂತುಗಳು ಅದರಲ್ಲಿದ್ದವು. ಒಂದು ಅರ್ಧಕ್ಕೇ ನಿಲ್ಲುತ್ತದೆ, ಉಳಿದವು ಚೆನ್ನಾಗಿವೆ. ಹಾಗೇ ಎಲ್ಲರಿಗೂ ಸಿಗುವಂತೆ ಹಾಕಿಬಿಡಬಹುದಿತ್ತು, ಆದರೆ ಮಾತು ಅವರದು, ಕೇಳಬೇಕಲ್ಲ. ಕಂತಿನ ಕೊನೆಯಲ್ಲಿ ಹೇಳುತ್ತಿದ್ದ ಇಮೇಲಿಗೆ ಬರೆದೆ, ಅದು ಸತ್ತುಹೋಗಿತ್ತು. ಅಲ್ಲಿ ಇಲ್ಲಿ ವಿಚಾರಿಸಿ ಅವರಲ್ಲೊಬ್ಬರ ಹೊಸ ವಿಳಾಸ ಸಿಕ್ಕಿತು. ಅವರ ಬಳಿ ಒಂದು ಕಂತೂ ಇರಲಿಲ್ಲ. ಹಾರ್ಡ್ ಡಿಸ್ಕು ಯಾವಾಗಲೋ ಕೆಟ್ಟಿತ್ತಂತೆ. ಮೈಸೂರಿನಲ್ಲಿ ಯಾರೋ ತಮ್ಮ ದನಿ ಇಟ್ಟುಕೊಂಡಿದ್ದಾರೆ ಎಂದು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲವನ್ನೂ ಕಳಿಸಿದೆ, ಅರ್ಧಕ್ಕೆ ನಿಲ್ಲುವುದನ್ನೂ. ಧಾರಾಳವಾಗಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ ಎಂದು ಒಪ್ಪಿಗೆ ಬಂತು. ಒಂದೇ ಕೋರಿಕೆ: ಕೋಬಾಲ್ಟ್ ಕ್ರಿಸ್‌ಮಸ್‌ಗೆ ಬಂದೇ ಬರುತ್ತದೆ ಎಂದು ತಾನು ಪಂಥ ಕಟ್ಟಿದ ಎರಡು ನಿಮಿಷ ಕತ್ತರಿಸಬಹುದೇ?

ಆಗುವುದಿಲ್ಲ ಎಂದು ಬರೆದೆ.